ಮೂರನೇ ಕಿಟಕಿ

ಈ ಗಾಜಿನ ಹಿಂದೆ ಹತ್ತೊಂಬತ್ತು ವರ್ಷ.
ಯಾವ ಚೌಕದಲ್ಲಿ ಬರೆಯಬೇಕೆಂದು ಹೇಳಬಲ್ಲೆ,
ಏನು ಬರೆಯಬೇಕೆಂದು ಹೇಳುವಂತಿಲ್ಲ.
ಗೋಡೆಗೆ ಬೋರ್ಡೇ ಹಾಕಿದ್ದಾರೆ,
ಇಂಗ್ಲಿಷಿನಲ್ಲಿ, ಪೋರ್ಚುಗೀಸಿನಲ್ಲಿ, ಸ್ಪ್ಯಾನಿಷಿನಲ್ಲಿ:
ಗುಮಾಸ್ತರು ಕಾನೂನು ಸಲಹೆ ಕೊಡುವುದಿಲ್ಲ.

ಮಾರ್ಚಿಯ ಒಂದು ಮಂಗಳವಾರ, ಫಾಲ್ ರಿವರಿನಲ್ಲಿ
ಹಿಮ ಕರಗಿ ರಸ್ತೆಯೆಲ್ಲ ರಾಡಿ.
ದಿಯೊಲಿಂಡಾ ಫುರ್ತಾದೊ ಬಂದರು,
ಬಾಗಿಲಲ್ಲಿ ಬೂಟು ಒರೆಸಿ, ಮತ್ತೊಮ್ಮೆ ಒರೆಸಿ,
ಕಾಲರಿಗೆ ಸಿಕ್ಕಿಸಿದ ನಾಲ್ಕು ಗುಂಡುಸೂಜಿ
ತೆಗೆಯುವುದನ್ನು ಮರೆತು.
ಲೋಹ ಹುಡುಕುವ ಯಂತ್ರ ಕೂಗಿಕೊಂಡಿತ್ತಂತೆ.

ಸಣ್ಣ ದಾವೆಯ ಅರ್ಜಿ ಎಂದರೆ ಒಂದೇ ಹಾಳೆ.
'ವಾದಿ ಅಂದರೆ ಜಗಳಗಂಟಿ ಅಂತಲಾ?' ಎಂದರು.
ಅಲ್ಲ, ಕೇಳುವವರು ಅಂತ.
ಇದು ಸಲಹೆಯಲ್ಲ, ಪದದ ಅರ್ಥ, ಅಷ್ಟೆ.

ಪ್ರತಿವಾದಿ: ಶಾನಾ ತಿಬೋ.
ವಿಳಾಸ?
ಪೆನ್ನು ನಿಂತಿತು.
'ಸೊಂಟ ಇಪ್ಪತ್ತೊಂಬತ್ತೂವರೆ.
ಎಡ ಭುಜ ಬಲಕ್ಕಿಂತ ಅರ್ಧ ಇಂಚು ಕೆಳಗೆ,
ಚಿಕ್ಕಂದಿನಲ್ಲಿ ಮೂಳೆ ಮುರಿದಿರಬೇಕು, ಅವಳು ಹೇಳಲಿಲ್ಲ,
ನಾನು ಕೇಳಲಿಲ್ಲ, ಒಳಗೊಂದು ಪದರ ಕೊಟ್ಟು ಸರಿ ಮಾಡಿದೆ.
ಮನೆ ಮಾತ್ರ ಎಲ್ಲಿದೆಯೋ ಗೊತ್ತಿಲ್ಲ.'

ಅಳತೆಗೆ ನೋಟೀಸು ಹೋಗುವುದಿಲ್ಲ.
ಅಂಚೆಯವನಿಗೆ ಬೀದಿ ಬೇಕು, ನಂಬರು ಬೇಕು.
ಹಾಳೆ ಮಡಿಸಿ ಚೀಲಕ್ಕಿಟ್ಟು ಹೋದರು.

ಗುರುವಾರ ಮತ್ತೆ.
ದಾವೆಗೆ ಕಾರಣ, ಸಂಕ್ಷಿಪ್ತವಾಗಿ: ಮೂರು ಗೆರೆ.
ಅವರು ಬರೆದದ್ದು ಗೆರೆ ದಾಟಿ, ಅಂಚು ದಾಟಿ
ಹಾಳೆಯ ಬೆನ್ನಿಗೆ ತಿರುಗಿತ್ತು:
ಮದುಮಗಳ ಉಡುಪು ಒಂದು, ಗೆಳತಿಯರದು ಆರು,
ಸಮುದ್ರಪಾಚಿಯ ಬಣ್ಣ ಬೇಕೆಂದದ್ದು,
ಬಂದ ಬಟ್ಟೆ ಬಟಾಣಿಯ ಬಣ್ಣವೆಂದು ಅತ್ತದ್ದು,
ಎರಡು ಸಲ ಬಿಚ್ಚಿ ಹೊಲಿದದ್ದು,
ಒಬ್ಬ ಗೆಳತಿ ಬಸುರಿಯಾಗಿ ಪಕ್ಕದ ಹೊಲಿಗೆ ಸಡಿಲಿಸಿದ್ದು,
ಅದಕ್ಕೆ ಕಾಸು ಮುಟ್ಟದ್ದು,
ಏಳೂ ಉಡುಪು ಕಾರಿನ ಹಿಂದೆ ಹೇರಿಕೊಂಡು ಹೋದವಳು
ಮಾರನೆಯ ದಿನದಿಂದ ಫೋನು ಎತ್ತದ್ದು.

ಮೂರೇ ಗೆರೆ, ಎಂದೆ.
'ಇಷ್ಟು ತುಂಡಿನಲ್ಲಿ ಏನಾಗುತ್ತೆ? ಕರವಸ್ತ್ರ!'
ಬೆಂಚಿನ ಮೇಲೆ ಕೂತು ಕತ್ತರಿಸತೊಡಗಿದರು.
ಬಟಾಣಿ ಹೋಯಿತು. ಬಸುರಿ ಹೋದಳು.
ಉಳಿದದ್ದು:
ಏಳು ಉಡುಪು ಹೊಲಿದು ಕೊಟ್ಟೆ. ಹಣ ಬರಲಿಲ್ಲ.
ಹೊಲಿಗೆ ಚೆನ್ನಾಗಿದೆ.
ಕೊನೆಯ ಮಾತು ಬೇಕಿರಲಿಲ್ಲ.
ಬೇಡ ಎನ್ನುವ ಅಧಿಕಾರ ನನಗಿಲ್ಲ.

ವಿಳಾಸ ಅವರ ಮನೆಯಲ್ಲೇ ಇತ್ತು.
ಮಿಷನ್ನಿನ ಡ್ರಾಯರಿನಲ್ಲಿ, ಬಾಬಿನುಗಳ ಅಡಿಗೆ,
ಕೆನೆ ಬಣ್ಣದ ಲಕೋಟೆ; ಬೆನ್ನ ಮೇಲೆ
ಚಿನ್ನದ ಅಕ್ಷರದಲ್ಲಿ ಬೀದಿ, ನಂಬರು, ಪಿನ್‌ಕೋಡು.
ಸೋಮವಾರ ಅದನ್ನು ಗಾಜಿಗೆ ಒತ್ತಿ ಹಿಡಿದರು.
'ನನ್ನನ್ನೂ ಕರೆದಿದ್ದಳು.'

ಆಮೇಲೆ ಮೊತ್ತದ ಚೌಕ.
ಏಳುನೂರ ನಲವತ್ತು ಡಾಲರು ಬರೆದಿದ್ದವರು
ಅದನ್ನು ಹೊಡೆದುಹಾಕಿ, ಪಕ್ಕದಲ್ಲಿ ಸಹಿ ಮಾಡಿ,
ಆರುನೂರ ತೊಂಬತ್ತು ಎಂದು ತಿದ್ದಿದರು.
'ಐವತ್ತು ಮುಯ್ಯಿ.
ಊಟಕ್ಕೆ ಕರೆದವಳ ಮದುವೆಗೆ
ಬರಿಗೈಲಿ ಹೋಗುತ್ತಿದ್ದೆನೆ?'

ಆ ಶನಿವಾರ ಸಭಾಂಗಣಕ್ಕೆ ಬೀಗ.
ನನ್ನ ಭಾವಮೈದ ಅಲ್ಲಿ ಕುರ್ಚಿ ಜೋಡಿಸುವವನು,
ಜೋಡಿಸಿದ ಇನ್ನೂರನ್ನೂ ಮತ್ತೆ ಮಡಿಸಿಟ್ಟು ಬಂದಿದ್ದ.
ಆಗದ ಮದುವೆಗೆ ಮುಯ್ಯಿ ಇಲ್ಲ
ಎಂದರೆ ಅದು ಸಲಹೆಯೋ, ಬರೀ ಸುದ್ದಿಯೋ?
ಮೊಹರು ಕೈಯಲ್ಲೇ ಉಳಿಯಿತು.

'ಗೊತ್ತು,' ಎಂದರು, ನಾನು ಬಾಯಿ ತೆರೆಯುವ ಮೊದಲೇ.
'ಕರೆದದ್ದು ಕರೆದದ್ದೇ.'

ಒತ್ತಿದೆ. ಶುಲ್ಕ ಎಣಿಸಿಕೊಂಡೆ,
ಎಲ್ಲ ಐದರ ನೋಟು, ಇಸ್ತ್ರಿ ಮಾಡಿದಂತೆ ಚಪ್ಪಟೆ.
ರಸೀದಿ, ನಕಲು, ವಿಚಾರಣೆಯ ದಿನ:
ಮೇ ಹದಿನಾಲ್ಕು, ಬೆಳಿಗ್ಗೆ ಒಂಬತ್ತು.

ಬಾಗಿಲವರೆಗೆ ಹೋದವರು ತಿರುಗಿ ಬಂದು
'ಅವತ್ತು ಏನು ಹಾಕಿಕೊಂಡು ಬರಲಿ?' ಎಂದು ಕೇಳಿದರು.
ಬೋರ್ಡಿನ ಕಡೆ ನೋಡಿದೆ.
ಮೂರು ಭಾಷೆಯಲ್ಲೂ ಬಟ್ಟೆಯ ಮಾತಿಲ್ಲ.
ಗುಂಡುಸೂಜಿ ಬಿಚ್ಚಿಟ್ಟು ಬನ್ನಿ, ಎಂದೆ.